ಗಾರೆಗೆ ಬೆಲ್ಲದ ನೀರು

"ಅಜ್ಜೀ, ಒಂದು ಚೊಂಬು ನೀರು ಕೊಡ್ತೀರಾ?" ಅಂದ ಗೌಸ್, ಗೋಡೆಗೆ ಇಳಿಬಿಟ್ಟ ತೂಕದ ಗುಂಡಿನಿಂದ ಕಣ್ಣು ತೆಗೆಯದೆ.

ಪರದೆಯ ಆಚೆ ಅಷ್ಟು ಹೊತ್ತೂ ಕೇಳುತ್ತಿದ್ದ ಕೆಮ್ಮು ಒಳಮನೆಯ ಕಡೆ ಸರಿದುಹೋಯಿತು. ಅದು ನಿಂತ ಜಾಗದಲ್ಲಿ ಬೇರೊಂದು ದನಿ ಎದ್ದಿತು. ಎಳೆಯ ದನಿ, ಆದರೆ ಹರಿತ.

"ನಮ್ಮಜ್ಜಿ ತೀರಿಹೋಗಿ ಬಹಳ ವರ್ಷ ಆಯ್ತು ಮೇಸ್ತ್ರಿ. ಅವರ ಕೈಯಿಂದಾನೇ ನೀರು ಬೇಕು ಅಂದ್ರೆ ಖಬರಸ್ತಾನಕ್ಕೆ ಹೋಗಿ ಕೇಳಿ."

ಗೌಸನ ಬೆರಳಿನಿಂದ ದಾರ ಜಾರಿತು. ಗುಂಡು ನೆಲಕ್ಕೆ ಬಿದ್ದು ಉರುಳಿ ಪರದೆಯ ಅಡಿಗೇ ಹೋಗಿ ನಿಂತಿತು.

"ತಪ್ಪಾಯ್ತು ಬೀಬಿ. ಕೆಮ್ಮು ಕೇಳಿ ಯಾರೋ ವಯಸ್ಸಾದೋರು ಅಂದ್ಕಂಡೆ."

"ಕೆಮ್ಮಿದ್ದು ನಮ್ಮಮ್ಮಿ. ಅವರಿಗೂ ಅಂಥಾ ವಯಸ್ಸೇನಾಗಿಲ್ಲ. ಹೇಳ್ಬಿಡ್ಲಾ ನೀವು ಅಂದಿದ್ದನ್ನ?"

"ಬ್ಯಾಡಿ ಬುಡಿ, ದಮ್ಮಯ್ಯ ಅಂತೀನಿ!"

ಆಚೆ ಕಡೆ ನಗು ಕಿಲಕಿಲನೆ ಹೊರಟು, ಅಂಗೈ ಅಡ್ಡ ಇಟ್ಟುಕೊಂಡದ್ದರಿಂದ ಅರ್ಧಕ್ಕೇ ನಿಂತಿತು. ಪರದೆಯ ಅಂಚು ಒಂದು ಗೇಣು ಮೇಲೆದ್ದಿತು. ಹಸಿರು ಗಾಜಿನ ಬಳೆ ತೊಟ್ಟ ಕೈಯೊಂದು ನೀರಿನ ಚೊಂಬನ್ನು ಹೊಸ್ತಿಲ ಮೇಲಿಟ್ಟು, ಅದರ ಪಕ್ಕಕ್ಕೆ ತೂಕದ ಗುಂಡನ್ನೂ ಜೋಪಾನವಾಗಿ ಇಟ್ಟು ಒಳಗೆ ಹೋಯಿತು. ಉಗುರಿನ ತುದಿಯಲ್ಲಿ ಹಳೆಯ ಗೋರಂಟಿಯ ಕೆಂಪು ಇನ್ನೂ ಇತ್ತು. ಅಷ್ಟೇ ನೋಡಿದ್ದು ಅವನು. ಅಷ್ಟಕ್ಕೇ ಅವನಿಗೆ ಅವತ್ತು ಸಂಜೆಯವರೆಗೂ ಗೋಡೆಯ ಸೊಟ್ಟ ಯಾವುದು, ನೆಟ್ಟಗಿರುವುದು ಯಾವುದು ಅನ್ನುವುದೇ ತಿಳಿಯದೆ ಹೋಯಿತು.

ಆ ಮನೆ ಪಿರಿಯಾಪಟ್ಟಣದ ಜವಳಿ ವ್ಯಾಪಾರಿ ಅಹಮದ್ ಪಾಷಾ ಅವರದು. ಯಾವ ಕಾಲದ್ದೋ ಕಲ್ಲುಮನೆ. ಒರಟು ಕಲ್ಲುಗಳ ನಡುವೆ ಬರೀ ಕೆಸರು ತುಂಬಿ ಎಬ್ಬಿಸಿದ ಗೋಡೆಗಳು. ಹೊರಗಿನಿಂದ ನೋಡಿದರೆ ಗತ್ತು. ಒಳಗೆ ಬಂದರೆ ಒಂದು ಕಡೆ ಉಬ್ಬು, ಒಂದು ಕಡೆ ಹಳ್ಳ, ಮಣ್ಣಿನ ಮೆತ್ತನೆ ಹೋಳುಹೋಳಾಗಿ ಉದುರಿ ಹಾಸಿಗೆಯ ಮೇಲೆಲ್ಲ ಧೂಳು. ಕೊನೆಯ ಕೋಣೆಯಲ್ಲಿ ಮಲಗುತ್ತಿದ್ದವರು ಪಾಷಾ ಅವರ ಹೆಂಡತಿ ಜಾನ್ ಬೀ. ಆಕೆಗೆ ದಮ್ಮು. ಮಳೆಗಾಲ ಬಂತೆಂದರೆ ಉಸಿರೆಳೆಯಲಾರದೆ ದಿಂಬಿಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದರು. ಆಕೆ ಒಣಗಿದ ಕೋಣೆಯಲ್ಲಿ ಮಲಗಬೇಕು, ಇನ್ನೊಂದು ಮಳೆಗಾಲ ಹೀಗೆ ಕಳೆದರೆ ಕಷ್ಟ ಎಂದು ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟಿದ್ದರು.

"ಸಿಮೆಂಟ್ ತರಿಸ್ತೀನಿ. ಗೋಡೆ ಕನ್ನಡಿ ಥರ ನೆಟ್ಟಗಾಗ್ಬೇಕು. ಬೇಗ ಮುಗಿಸು," ಎಂದಿದ್ದರು ಪಾಷಾ, ಮೊದಲ ದಿನವೇ.

"ನೆಟ್ಟಗಾಯ್ತದೆ ಸಾಹೇಬ್ರೇ, ಆದ್ರೆ ಅಮ್ಮಂಗೆ ಒಳ್ಳೇದಾಗಲ್ಲ," ಎಂದಿದ್ದ ಗೌಸ್. "ಈ ಕಲ್ಲಿನ ಸಂದೀಲಿ ಇರೋದು ಮಣ್ಣು. ನೆಲದ ತೇವ ಅದರೊಳಗೆ ಹತ್ತುತ್ತೆ, ಹತ್ತಿದ್ದು ಅಂಗೇ ಆರಿಹೋಯ್ತದೆ. ಸಿಮೆಂಟ್ ಮೆತ್ತಿದ್ರೆ ಹತ್ತೋದು ಹತ್ತುತ್ತೆ, ಆರೋಕೆ ದಾರಿ ಇರಲ್ಲ. ಸುಣ್ಣದ ಗಾರೆಲಿ ಮಾಡ್ತೀನಿ. ಹಳ್ಳಕ್ಕೆ ಚಕ್ಕೆ ಕಲ್ಲು ತುಂಬಿ, ತೆಳ್ಳಗೆ ಒಂದರ ಮ್ಯಾಲೊಂದು. ಒಂದು ಪದರ ಪೂರ್ತಿ ಆರೋವರ್ಗೂ ಇನ್ನೊಂದು ಮುಟ್ಟಲ್ಲ."

"ಹಾಗಾದ್ರೆ ಎಷ್ಟು ಕಾಲ ಬೇಕು?"

"ಬ್ಯಾಸಿಗೆ ಪೂರ್ತಿ."

"ಏನು, ತಾಜ್ ಮಹಲ್ ಕಟ್ತೀಯೇನೋ?"

"ಕನ್ನಂಬಾಡಿ ಕಟ್ಟೇಲಿ ನಮ್ಮ ಮಾವ ಕೆಲಸ ಮಾಡಿದ್ರು ಸಾಹೇಬ್ರೇ. ಅಷ್ಟು ನೀರು ತಡ್ಕಂಡು ನಿಂತಿರೋದು ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲ್ಸಿದ ಸುರ್ಕಿ ಗಾರೆ."

ಪಾಷಾ ಇನ್ನೂ ಏನೋ ಜೋರು ಮಾಡುವವರಿದ್ದರು. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ಕೆಮ್ಮು ಕೇಳಿ ಸುಮ್ಮನಾದರು. ಸರಿ, ನಿನ್ನ ಇಷ್ಟದಂತೆ ಮಾಡು ಎಂದು ಅಂಗಡಿಗೆ ಹೊರಟುಹೋದರು.

ಹೀಗೆ ಆ ಬೇಸಿಗೆಯೆಲ್ಲ ಗೌಸನಿಗೆ ಸಿಕ್ಕಿತು.

ಗಾರೆಗೆ ದಿನವೂ ಬೆಲ್ಲದ ನೀರು ಬೇಕು. ಅಳಲೆಕಾಯಿ ಜಜ್ಜಿ ನೆನೆಸಿ, ಅದಕ್ಕೆ ಬೆಲ್ಲ ಕರಗಿಸಿ, ಬೆಳಿಗ್ಗೆ ಗಾರೆಯ ಗುಂಡಿಗೆ ಹುಯ್ಯಬೇಕು. ಅದನ್ನು ಮಾಡಿಕೊಡುವುದು ಮನೆಯ ಹೆಂಗಸರ ಕೆಲಸ. ಜಾನ್ ಬೀಗೆ ಕೈಲಾಗದು. ಹಾಗಾಗಿ ಪರದೆಯ ಅಡಿಯಿಂದ ಮಡಕೆ ದಾಟಿಸುವ ಕೈ ಮಗಳು ನಫೀಸಾಳದು.

"ತಗೊಳ್ಳಿ ನಿಮ್ಮ ಗೋಡೆಗೆ ಶರಬತ್ತು," ಎನ್ನುತ್ತಿದ್ದಳು ಅವಳು. "ನಮಗೆ ಹಬ್ಬಕ್ಕೂ ಇಷ್ಟು ಬೆಲ್ಲ ಸಿಗಲ್ಲ. ಗೋಡೆಗೇನು ಮದುವೇನಾ?"

"ಮದುವೇನೇ ಬೀಬಿ. ಕಲ್ಲಿಗೂ ಗಾರೆಗೂ."

"ಕಲ್ಲು ಒಪ್ಪಿದೆಯಂತಾ?"

"ಕಲ್ಲು ಬಾಯಿ ಬುಡಲ್ಲ. ಗಾರೇನೇ ದಿನಾ ಹೋಗಿ ಬಾಗಿಲು ತಟ್ಟಬೇಕು."

ಮೊದಮೊದಲು ಅವನು ಅವಳೊಡನೆ ಉರ್ದುವಿನಲ್ಲೇ ಮಾತಾಡಲು ನೋಡಿದ್ದ. ಹಾರನಹಳ್ಳಿಯ ಹೊಲಗದ್ದೆಗಳ ನಡುವೆ, ಒಕ್ಕಲು ಮಕ್ಕಳ ಜೊತೆ ಬೆಳೆದವನ ಉರ್ದು ಅದು. "ನಿಮ್ಮ ಉರ್ದು ಕೇಳಿ ನಮ್ಮ ಹಿತ್ತಲಿನ ಮೇಕೇನೂ ತಿರುಗಿ ನೋಡ್ತು. ಕನ್ನಡದಲ್ಲೇ ಹೇಳಿ ಮೇಸ್ತ್ರಿ, ಪುಣ್ಯ ಬರುತ್ತೆ," ಎಂದಳು ಅವಳು. ಆಮೇಲೆ ಅವರ ಮಾತೆಲ್ಲ ಕನ್ನಡದಲ್ಲೇ. ಮನೆಯವರ ಭಾಷೆ ಬೇರೆ, ಇಬ್ಬರದೇ ಭಾಷೆ ಬೇರೆ ಆದದ್ದು ಗೌಸನಿಗೆ ಒಳಗೊಳಗೇ ಬಹಳ ಹಿತವಾಗಿತ್ತು.

ಮಡಕೆ ಬಂದ ಕೂಡಲೇ ಅವನು ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದ. ತುಟಿಗೆ ಮುಟ್ಟಿಸದ ನೀರನ್ನು ಗಾರೆಗೆ ಹಾಕಬಾರದೆಂದು ಮಾವ ಕಲಿಸಿದ್ದ ಪಾಠ. ಪರದೆಯ ಸಂದಿನಲ್ಲಿ ಒಂದೇ ಒಂದು ಕಣ್ಣು, ಕಾಡಿಗೆ ತೀಡಿದ್ದು, ಅದನ್ನು ದಿನವೂ ನೋಡುತ್ತಿತ್ತು.

"ವಿಷ ಹಾಕಿದ್ದೀನಿ ಅಂತ ಅನುಮಾನಾನಾ?" ಎಂದು ಕೇಳಿದಳು ಒಂದು ದಿನ.

"ವಿಷ ಆದ್ರೆ ನಾನೊಬ್ಬ ಸಾಯ್ತೀನಿ. ಉಪ್ಪಾದ್ರೆ ಗೋಡೆ ಸಾಯ್ತದೆ. ಅದಕ್ಕೆ ನೋಡೋದು."

"ಉಪ್ಪು ಬಿದ್ರೆ ಏನಾಗುತ್ತೆ?"

"ಆರಲ್ಲ ಬೀಬಿ. ಬೆವರ್ತಾನೇ ಇರ್ತದೆ. ಕಿತ್ತಾಕಿ ಹೊಸದಾಗಿ ಮಾಡೋವರ್ಗೂ ಮೇಸ್ತ್ರಿಗೆ ಬುಡುಗಡೆ ಇಲ್ಲ."

"ಓ," ಎಂದಿತು ಪರದೆ. ಆಮೇಲೆ ಮೆತ್ತಗೆ, "ಆದ್ರೂ ನನ್ನ ಕೈಯಿಂದ ಬಂದಿದ್ದನ್ನೂ ರುಚಿ ನೋಡ್ತೀರಲ್ಲ. ಬೇಜಾರಾಗುತ್ತೆ," ಎಂದಿತು.

ಅಯ್ಯೋ, ಈ ಗಂಡಸರ ಬುದ್ಧಿಯೇ! ಮಾರನೆಯ ದಿನದಿಂದ ಗೌಸ್ ನೀರಿನ ರುಚಿ ನೋಡುವುದನ್ನೇ ಬಿಟ್ಟ. ಮಾವನ ಮಾತು ಇಷ್ಟು ವರ್ಷ ಕಾಪಾಡಿಕೊಂಡು ಬಂದವನು, ಒಂದು "ಬೇಜಾರಾಗುತ್ತೆ" ಅನ್ನುವ ಮಾತಿಗೆ ಅದನ್ನು ಗಾಳಿಗೆ ತೂರಿದ. ಅವಳು ಪರದೆಯ ಸಂದಿನಿಂದ ನೋಡುತ್ತಿರುವಾಗಲೇ ಮಡಕೆಯನ್ನು ಎತ್ತಿ ಗುಂಡಿಗೆ ಸುರಿದ. ಆ ಕಣ್ಣು ನಕ್ಕಿತು. ಅವನಿಗೆ ಅಷ್ಟು ಸಾಕಾಗಿತ್ತು.

ಕೋಣೆಯ ಮೂರು ಗೋಡೆಗಳು ಒಂದೊಂದಾಗಿ ಹದಕ್ಕೆ ಬಂದವು. ಗೌಸ್ ದಾರ ಎಳೆದು, ಎಲ್ಲಕ್ಕಿಂತ ಮುಂದೆ ಚಾಚಿದ ಕಲ್ಲನ್ನು ಗುರುತು ಹಿಡಿದು, ಹಳ್ಳಗಳನ್ನು ಚಕ್ಕೆ ಕಲ್ಲಿನಿಂದ ತುಂಬಿ, ತೆಳ್ಳಗೆ ಗಾರೆ ಎಳೆದು ಬಿಡುತ್ತಿದ್ದ. ಅದು ಆರುವವರೆಗೂ ಪಕ್ಕದ ಗೋಡೆ. ಅಂಗೈಯ ಹಿಂಭಾಗ ಮುಟ್ಟಿಸಿದರೆ ತಣ್ಣಗನ್ನಿಸಬಾರದು. ಆಗ ಮೇಲಿನ ಪದರ.

"ಇಲ್ಲಿ ಇನ್ನೂ ಸೊಟ್ಟ ಇದೆ," ಎಂದು ಪರದೆಯ ಆಚೆಯಿಂದ ಬೆರಳು ತೋರಿಸುತ್ತಿತ್ತು.

"ಇರ್ಲಿ. ಪೂರ್ತಿ ನೆಟ್ಟಗೆ ಮಾಡೋಕೆ ದಪ್ಪ ಮೆತ್ತಿದ್ರೆ ಒಳಗೆ ಹಸಿ ಉಳೀತದೆ. ನೋಡೋರ ಕಣ್ಣು ಸೊಟ್ಟ ಅನ್ನದಿದ್ರೆ ಸಾಕು."

"ನನ್ನ ಕಣ್ಣು ಬಹಳ ಚೂಪು ಮೇಸ್ತ್ರಿ."

"ಗೊತ್ತು. ದಿನಾ ಚುಚ್ಚಿಸ್ಕತಾ ಇದ್ದೀನಲ್ಲ."

ಬೆರಳು ಚಟ್ಟನೆ ಒಳಗೆ ಹೋಯಿತು. ಆದರೆ ಮಧ್ಯಾಹ್ನ ಅವನ ರೊಟ್ಟಿಯ ತಟ್ಟೆಯಲ್ಲಿ, ಯಾರೂ ಕೇಳದಿದ್ದರೂ, ಒಂದು ದೊಡ್ಡ ಬೆಲ್ಲದ ಅಚ್ಚು ಇತ್ತು.

ಕೋಣೆಯ ಕೆಲಸ ಮುಗಿಯುವವರೆಗೂ ಜಾನ್ ಬೀ ಹಜಾರದ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಗದರಲಿಲ್ಲ. ಒಂದು ದಿನ ಗೌಸನನ್ನು ಕರೆದು, "ನಿನ್ನ ತಾಯಿ ಹೆಸರೇನಪ್ಪಾ?" ಎಂದು ಕೇಳಿದರು. "ಗುಲ್ಜಾರ್ ಬೀ ಅಂತ," ಎಂದ. "ಒಳ್ಳೆ ಹೆಸರು," ಎಂದು ಮತ್ತೆ ಕಣ್ಣು ಮುಚ್ಚಿದರು.

ಉಳಿದದ್ದು ಪಡುವಲ ಗೋಡೆ. ಜಾನ್ ಬೀಯ ಮಂಚದ ತಲೆದಿಂಬು ಇರುವ ಗೋಡೆ ಅದು, ಎಲ್ಲಕ್ಕಿಂತ ಹೆಚ್ಚು ಉಬ್ಬಿದ್ದು. ಅದನ್ನು ಶುರುಮಾಡುವ ದಿನ ಪಾಷಾ ಕೋಣೆಗೆ ಬಂದು ಮೂರು ಗೋಡೆಗಳನ್ನೂ ಅಂಗೈಯಿಂದ ಸವರಿ ನೋಡಿದರು. ಗಡ್ಡ ನೀವಿಕೊಂಡರು.

"ಗೌಸ್, ಸೊಗಸಾಗಿದೆ ಕಣೋ. ಈ ಮಳೆಗಾಲ ನನ್ನ ಜಾನ್ ಈ ಕೋಣೇಲಿ ಕೆಮ್ಮದೆ ಮಲಗಿದ್ಲು ಅಂತಿಟ್ಕೋ. ನಿನ್ನ ಕೂಲಿ ಬೇರೆ. ಅದರ ಮೇಲೆ ನೀನು ಇನ್ನೇನು ಕೇಳಿದ್ರೂ ಇಲ್ಲ ಅನ್ನಲ್ಲ. ಏನು ಬೇಕಾದ್ರೂ ಕೇಳು. ಮಾತು ಕೊಟ್ಟಿದ್ದೀನಿ."

ಗೌಸನ ಕಿವಿ ಬಿಸಿಯಾಯಿತು. "ಮಳೆ ಮುಗೀಲಿ ಸಾಹೇಬ್ರೇ, ಕೇಳ್ತೀನಿ," ಎಂದಷ್ಟೇ ಹೇಳಿದ. ಕೇಳುವುದು ಏನೆಂದು ಅವನಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ನಫೀಸಾಳನ್ನು ಕೇಳುತ್ತಾನೆ. ಗೋಡೆ ಒಣಗಿದ್ದರೆ ನಫೀಸಾ ಅವನವಳು, ಒದ್ದೆಯಾದರೆ ಇಲ್ಲ. ಬದುಕು ಅವನಿಗೆ ಇಷ್ಟು ಸಲೀಸಾಗಿ ಹಿಂದೆಂದೂ ಕಂಡಿರಲಿಲ್ಲ. ಒಣಗಿದ ಗೋಡೆ ಮಾಡುವುದು ಅವನಿಗೆ ಬರುತ್ತಿತ್ತಲ್ಲ!

ನಫೀಸಾಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಎಷ್ಟೋ ಸಲ ಬಂತು. ಹೇಳಲಿಲ್ಲ. ನಿಮ್ಮಪ್ಪನ ಗೋಡೆಗೆ ಬದಲಾಗಿ ನಿಮ್ಮನ್ನು ಕೇಳುತ್ತೇನೆ ಎಂದು ಒಂದು ಹೆಣ್ಣಿಗೆ ಹೇಗೆ ಹೇಳುವುದು? ಮಾನವಂತಳು, ತನ್ನನ್ನು ಕೂಲಿಗೆ ಸೇರಿಸಿದನೆಂದು ನೊಂದುಕೊಂಡರೆ? ಮಳೆಗಾಲ ಕಳೆಯಲಿ, ತಾಯಿಯನ್ನು ಕರೆತಂದು ಮರ್ಯಾದೆಯಿಂದ ಕೇಳಿಸೋಣ ಎಂದು ಸುಮ್ಮನಾದ. ಪಾಷಾ ಆಡಿದ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಅವತ್ತು ಅವಳು ಹಿತ್ತಲಿನಲ್ಲಿ ಅಳಲೆಕಾಯಿ ಜಜ್ಜುತ್ತಿದ್ದಳು.

ಪಡುವಲ ಗೋಡೆ ಅರ್ಧ ಆಗಿತ್ತು. ಒಂದು ಮಧ್ಯಾಹ್ನ ಪರದೆ ಕೇಳಿತು:

"ಇದು ಮುಗಿದ ಮೇಲೆ?"

"ಹಳ್ಳಿಗೆ ಹೋಯ್ತೀನಿ."

"ಆಮೇಲೆ?"

"ಆಮೇಲೆ ಮಳೆ ಬತ್ತದೆ. ಮಳೆ ಮುಗೀಲಿ, ನೋಡ್ಕಳಿ."

"ಏನು ನೋಡ್ಕೊಳ್ಳೋದು? ಮಳೆ ಮುಗಿಯೋದ್ರೊಳಗೆ ಹುಣಸೂರಿನವರು ಬರ್ತಾರಂತೆ. ಮರದ ವ್ಯಾಪಾರದವರು. ನನ್ನನ್ನ ನೋಡೋಕೆ."

ಗೌಸ್ ನಕ್ಕುಬಿಟ್ಟ. ಪಾಷಾ ಕೊಟ್ಟ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತ್ತು. ಹುಣಸೂರಿನವರು ಅವನ ಕಣ್ಣಿಗೆ ಲೆಕ್ಕಕ್ಕೇ ಬರಲಿಲ್ಲ.

"ಬರ್ಲಿ ಬುಡಿ! ಬಂದು ಚಾ ಕುಡ್ಕಂಡು ಹೋಗ್ಲಿ."

ಪರದೆಯ ಆಚೆ ಬಳೆಯ ಸದ್ದು ನಿಂತಿತು. ಅವಳು ಇನ್ನೂ ಅಲ್ಲಿದ್ದಾಳೆಂದು ಅಂದುಕೊಂಡು ಅವನು ಏನೇನೋ ಮಾತಾಡಿದ. ಆ ನಗು ಅವಳಿಗೆ ಹೇಗೆ ಕೇಳಿಸಿರಬಹುದೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಲ್ಲದ ನೀರಿನ ಮಡಕೆ ಎಂದಿನಂತೆ ಹೊಸ್ತಿಲಿಗೆ ಬಂತು. ಸಂದಿನಲ್ಲಿ ಕಣ್ಣು ಕಾಣಲಿಲ್ಲ.

"ಏನ್ ಬೀಬಿ, ಇವತ್ತು ಶರಬತ್ತಿಗೆ ಬೈಗುಳ ಇಲ್ವಾ?"

"ಇಲ್ಲ."

"ಕ್ವಾಪಾನಾ?"

"ಹಾಕಿ ಮೇಸ್ತ್ರಿ. ಹೊತ್ತಾಗುತ್ತೆ."

ಮುನಿಸು, ಎಷ್ಟು ಹೊತ್ತು ಇದ್ದೀತು ಎಂದುಕೊಂಡು ಗೌಸ್ ಮಡಕೆ ಎತ್ತಿ ಸುರಿದ. ಅದರ ಮರುದಿನವೂ ಸುರಿದ. ಆ ಗೋಡೆ ಮುಗಿಯುವವರೆಗೂ ಅವಳ ಕೈಯಿಂದ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ಸುರಿದ.

ಆ ದಿನಗಳ ಬಿಸಿಲು ಎಂಥದೆಂದರೆ ಕೆರೆಯ ಕೆಸರೇ ಬಿರುಕು ಬಿಟ್ಟಿತ್ತು. ಪಡುವಲ ಗೋಡೆ ಗರಿಗರಿಯಾಗಿ ಆರಿತು. ಸುಣ್ಣ ಬಳಿದ ಮೇಲೆ ಕೋಣೆ ಬೆಳ್ಳಗೆ, ತಂಪಾಗಿ, ಸೊಟ್ಟವೆಲ್ಲ ಅಡಗಿ ಚೆಂದ ಕಂಡಿತು.

"ಆರಿಬಿಡ್ತಾ?" ಎಂದಿತು ಪರದೆ, ಕೊನೆಯ ದಿನ.

"ಆರದೆ ಏನು?"

"ಪೂರ್ತಿ? ಸರಿಯಾಗಿ ನೋಡಿ ಮೇಸ್ತ್ರಿ. ಒಂದು ಕಡೇನೂ ಹಸಿ ಇಲ್ವಾ?"

"ಒಂದು ಸಾಸಿವೆ ಕಾಳಷ್ಟೂ ಇಲ್ಲ."

ಬಿಕ್ಕಿದ ಸದ್ದು ಕೇಳಿತು. ತಾನು ಹೊರಟೆನೆಂದು ಅಳುತ್ತಿದ್ದಾಳೆ ಎಂದು ಗೌಸನಿಗೆ ಸಂಕಟವೂ ಆಯಿತು, ಹೇಳಬಾರದಷ್ಟು ಸಂತೋಷವೂ ಆಯಿತು. "ಅಳಬ್ಯಾಡಿ. ಮಳೆ ಮುಗೀತಿದ್ದಂಗೆ ಬತ್ತೀನಿ," ಎಂದು ಪರದೆಗೆ ಹೇಳಿ, ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ನಗುನಗುತ್ತಲೇ ಹಾರನಹಳ್ಳಿಯ ದಾರಿ ಹಿಡಿದ.

ತಾಯಿಗೆ ಎಲ್ಲ ಹೇಳಿದ. ಗುಲ್ಜಾರ್ ಬೀ ಮೊದಲು ಹೆದರಿದಳು. ದೊಡ್ಡ ಮನೆ, ನಮ್ಮಂಥವರಿಗೆ ಕೊಡ್ತಾರಾ ಎಂದಳು. ಮಾತು ಕೊಟ್ಟಿದ್ದಾರೆ ಕಣಮ್ಮಾ ಎಂದ ಮೇಲೆ ಅವಳಿಗೂ ಆಸೆ ಹುಟ್ಟಿತು. ಮನೆಯ ಮುಂದಿನ ಜಗುಲಿ ಸಾರಿಸಿ, ಸೊಸೆ ಬಂದರೆ ಒಲೆ ಎಲ್ಲಿರಬೇಕು, ಪರದೆ ಎಲ್ಲಿ ಕಟ್ಟಬೇಕು ಎಂದು ಮಗನೊಡನೆ ಜಗಳವಾಡಿದಳು.

ಕೊಡಗಿನ ಕಡೆಯಿಂದ ಮೋಡ ಇಳಿಯಿತು. ಆಷಾಢದ ಜಡಿಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. ಒಂದು ಬೆಳಿಗ್ಗೆ ಪಾಷಾ ಅವರ ಅಂಗಡಿಯ ಗಾಡಿ ಹೊಡೆಯುವ ಕೆಂಪಯ್ಯ ಗೋಣಿಚೀಲ ಹೊದ್ದು ಜಗುಲಿಗೆ ಬಂದು ನಿಂತ.

"ಸಾಹೇಬ್ರು ಕರೀತಾವ್ರೆ ಕಣ್ಲಾ ಗೌಸ. ಈಗ್ಲೇ ಬರಬೇಕಂತೆ."

"ಯಾಕಣ್ಣ?"

"ನೀ ಮಾಡಿದ ಗೋಡೆ ಬೆವರ್ತಾ ಅದೆ. ಅಮ್ಮಾವ್ರಿಗೆ ಉಸುರೇ ಆಡ್ತಿಲ್ಲ."

ಗೌಸ್ ಗಾಡಿ ಹತ್ತಿದ. ಮನೆಗೆ ಬಂದಾಗ ಪಾಷಾ ಡಾಕ್ಟರನ್ನು ಕರೆತರಲು ಹೋಗಿದ್ದರು. ಹಜಾರದಲ್ಲಿ ಜಾನ್ ಬೀ ದಿಂಬುಗಳಿಗೆ ಒರಗಿ ಕೂತಿದ್ದರು. ಉಸಿರು ಸೀಟಿ ಹೊಡೆದಂತೆ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಒದ್ದಾಡುತ್ತಿತ್ತು. ಅವನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. ದನಿ ಬರಲಿಲ್ಲ. ಗೌಸ್ ತಲೆ ತಗ್ಗಿಸಿ ಕೋಣೆಗೆ ಹೋದ.

ಪಡುವಲ ಗೋಡೆ ನೆಲದಿಂದ ಎದೆಯೆತ್ತರದವರೆಗೂ ಕಪ್ಪಗೆ ನೆನೆದಿತ್ತು. ಸುಣ್ಣ ಪೊರೆಪೊರೆಯಾಗಿ ಎದ್ದಿತ್ತು. ಅದರ ಮೇಲೆ ಬಿಳಿ ಹುಡಿ ಉಕ್ಕಿ ಅಂಚುಗಟ್ಟಿತ್ತು. ಮಿಕ್ಕ ಮೂರು ಗೋಡೆಗಳನ್ನು ಮುಟ್ಟಿ ನೋಡಿದ. ಒಣಗಿದ್ದವು, ಅವನು ಬಿಟ್ಟುಹೋದ ಹಾಗೆಯೇ. ಹೊರಗೆ ಹೋಗಿ ನೋಡಿದ. ಹೆಂಚು ಸೋರಿರಲಿಲ್ಲ, ಗೋಡೆಯ ಬುಡದಲ್ಲಿ ನೀರು ನಿಂತಿರಲಿಲ್ಲ. ಅದೇ ಗಾರೆ, ಅದೇ ಮರಳು, ಅದೇ ಕೈ. ಈ ಒಂದು ಗೋಡೆಗೆ ಏನು ಬಂತು?

ಬೆರಳಿನಿಂದ ಬಿಳಿ ಹುಡಿ ಕೆರೆದು ನಾಲಿಗೆಗೆ ಇಟ್ಟುಕೊಂಡ.

ಉಪ್ಪು. ಚೌಳು ಮಣ್ಣಿನ ಕಹಿಯಲ್ಲ, ಅಡಿಗೆಮನೆಯ ಉಪ್ಪು.

ಇನ್ನೊಂದು ಕಡೆ ಕೆರೆದು ನೋಡಿದ, ಅಲ್ಲೂ ಅದೇ. ಬೆಲ್ಲದ ನೀರು ಒಂದೇ ಕೈಯಿಂದ ಬರುತ್ತಿತ್ತು. ಅವಳು ಬೇಕೆಂದೇ ಹಾಕಿದ್ದಾಳೆ. ನಾನು ಅವಳಿಗೆ ಬೇಡವಾಗಿದ್ದೆ ಎಂದು ಅವನಿಗೆ ಮೊದಲು ಅನ್ನಿಸಿತು. ಒಂದು ಬೇಸಿಗೆ ಪೂರ್ತಿ ನನ್ನನ್ನು ಆಡಿಸಿ, ಕೊನೆಗೆ ನನ್ನ ಹೆಸರಿಗೇ ಮಸಿ ಬಳಿದಳು.

ಪರದೆ ಸರಿಯಿತು. ಇಷ್ಟು ದಿನ ಕೈ, ಬೆರಳು, ಒಂದು ಕಣ್ಣು ಎಂದು ಚೂರುಚೂರಾಗಿ ಕಂಡವಳು ಪೂರ್ತಿಯಾಗಿ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಅವನು ಕನಸಿನಲ್ಲಿ ಕಂಡದ್ದಕ್ಕಿಂತ ಚೆಲುವೆಯಾಗಿದ್ದಳು. ಅದನ್ನು ನೋಡುವ ಗಳಿಗೆ ಇದಾಗಬೇಕಿತ್ತೇ!

"ಗೊತ್ತಾಯ್ತಲ್ಲ?" ಎಂದಳು.

"ಯಾಕ್ ಬೀಬಿ? ನನ್ ಮ್ಯಾಲೆ ಅಷ್ಟೊಂದು ಸಿಟ್ಟಾ?"

"ಸಿಟ್ಟಾ?" ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಉಪ್ಪು ಬಿದ್ರೆ ಆರಲ್ಲ, ಕಿತ್ತು ಹೊಸದಾಗಿ ಮಾಡೋವರ್ಗೂ ಮೇಸ್ತ್ರಿಗೆ ಬಿಡುಗಡೆ ಇಲ್ಲ ಅಂದಿದ್ದು ನೀವೇ ಅಲ್ವಾ? ಹುಣಸೂರಿನವರು ಬರ್ತಾರೆ ಅಂದ್ರೆ ನೀವು ನಕ್ರಿ. ನನಗೆ ಏನು ಮಾಡ್ಬೇಕೋ ತೋಚಲಿಲ್ಲ. ಗೋಡೆ ಆರದಿದ್ರೆ ನೀವು ಹೋಗಲ್ಲ ಅಂದ್ಕೊಂಡೆ. ಅಷ್ಟೇ. ಖುದಾನಾಣೆ, ಅಷ್ಟೇ ನನ್ನ ತಲೇಲಿ ಇದ್ದಿದ್ದು. ಆದ್ರೆ ಬಿಸಿಲಿಗೆ ಅದು ಆರಿಬಿಡ್ತು. ನೀವು ನಗ್ತಾ ಹೊರಟುಹೋದ್ರಿ. ಉಪ್ಪಿಗೂ ನಾನು ಬೇಡವಾದೆ ಅಂತ ಸುಮ್ಮನಾದೆ. ಮಳೆ ಬಂದ ಮೇಲೆ..." ಅವಳು ಹಜಾರದ ಕಡೆ ನೋಡಿದಳು. "ಅಮ್ಮಿ ಉಸಿರು ಎಳೆದಾಗೆಲ್ಲ ನಾನೇ ಕತ್ತು ಹಿಸುಕ್ತಾ ಇದ್ದೀನಿ ಅನ್ಸುತ್ತೆ ಮೇಸ್ತ್ರಿ."

ಅವಳು ಅವನನ್ನು ಬೇಡವೆಂದಿರಲಿಲ್ಲ. ಬಿಟ್ಟಿರಲಾರದೆ ಹೀಗೆ ಮಾಡಿದ್ದಳು. ಸುಮ್ಮನಿದ್ದಿದ್ದರೆ ಈ ಮಳೆ ಮುಗಿದ ಕೂಡಲೇ ಅವಳು ಅವನ ಮನೆಯಲ್ಲಿರುತ್ತಿದ್ದಳು. ಇದನ್ನು ಈಗ ಹೇಳಿದರೆ? ತಾಯಿಯ ಉಸಿರು ಕಟ್ಟಿಸಿದ್ದು ಸಾಲದೆಂದು, ತನ್ನ ಬಾಳನ್ನೂ ತಾನೇ ಕೈಯಾರೆ ಹಾಳುಮಾಡಿಕೊಂಡೆ ಎಂದು ಇವಳಿಗೆ ತಿಳಿಯುತ್ತದೆ. ತಿಳಿದು ಬದುಕುತ್ತಾಳಾ?

ಬಾಯಿಗೆ ಬಂದದ್ದನ್ನು ನುಂಗಿಕೊಂಡ.

"ಕೇಳಿ ಬೀಬಿ. ಈ ಮಾತು ಇಲ್ಲೇ ಮಣ್ಣಾಗ್ಲಿ. ನೀರು ರುಚಿ ನೋಡದೆ ಹುಯ್ದೋನು ನಾನು. ಉಪ್ಪಿನ ವಿಸ್ಯ ಬಾಯಿ ಬುಟ್ಟೋನೂ ನಾನೇ. ಗೋಡೆ ಕೆಡಿಸಿದ್ದು ನಾನು. ನೀವಲ್ಲ."

"ನನಗೆ ಆ ಸಮಾಧಾನ ಬೇಡ. ಒಂದೇ ಒಂದು ಮಾತು ಹೇಳಿ. ನಿಮ್ಮ ಮನಸ್ಸಲ್ಲಿ ನಾನಿದ್ದೀನಾ? ಇದ್ದೀನಿ ಅನ್ನಿ, ಅಬ್ಬಾನ ಕಾಲಿಗೆ ನಾನೇ ಬೀಳ್ತೀನಿ. ಉಪ್ಪು ಹಾಕಿದ್ದು ನಾನು, ಈ ಮನುಷ್ಯನಿಗೋಸ್ಕರ ಹಾಕಿದೆ ಅಂತ ಹೇಳ್ತೀನಿ. ಕೊಂದ್ರೆ ಕೊಲ್ಲಲಿ."

ಹೊರಬಾಗಿಲಲ್ಲಿ ಕೆರ ಬಿಟ್ಟ ಸದ್ದಾಯಿತು. ನಫೀಸಾ ಹಿಂದಕ್ಕೆ ಸರಿದಳು. ಪರದೆ ಬಿತ್ತು. ಅವಳು ಹೋಗಲಿಲ್ಲ ಎಂಬುದು ಗೌಸನಿಗೆ ಗೊತ್ತಿತ್ತು. ಪರದೆಯ ಅಡಿಯಲ್ಲಿ ಅವಳ ಕಾಲ್ಬೆರಳು ಕಾಣುತ್ತಿತ್ತು.

ಅಹಮದ್ ಪಾಷಾ ಕೊಡೆ ಮಡಚುತ್ತ ಒಳಗೆ ಬಂದರು. ಅವನನ್ನು ನೋಡಲಿಲ್ಲ. ಗೋಡೆಯನ್ನು ನೋಡಿದರು.

"ಹೇಳು. ಏನಾಯ್ತು ಇದಕ್ಕೆ?"

"ಕಡೇ ಗೋಡೆಗೆ ಮರಳು ಸಾಲ್ದೆ ಹೋಯ್ತು ಸಾಹೇಬ್ರೇ. ಹೊಳೆತಂಕ ಯಾರು ಹೋಗ್ತಾರೆ ಅಂತ ಇಲ್ಲೇ ಹಳ್ಳದ್ದು ಹಾಕ್ದೆ. ಚೌಳು ಮರಳು. ತೊಳೀಲೂ ಇಲ್ಲ. ತಪ್ಪು ನಂದು."

"ಸೋಮಾರಿತನ!" ಪಾಷಾ ಕೊಡೆಯನ್ನು ನೆಲಕ್ಕೆ ಕುಕ್ಕಿದರು. "ನಿನ್ನ ಸೋಮಾರಿತನಕ್ಕೆ ನನ್ನ ಹೆಂಡ್ತಿ... ಇನ್ನು ಏನೂ ಹೇಳೋಕಾಗಲ್ಲ ಅಂದ್ರು ಕಣೋ ಡಾಕ್ಟ್ರು. ಬಂದು ನೋಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ ಅಂದ್ರು."

"ಎಲ್ಲಾ ಕಿತ್ತು ಮಾಡ್ಕೊಡ್ತೀನಿ ಸಾಹೇಬ್ರೇ. ಕೂಲಿ ಬ್ಯಾಡ, ಊಟಾನೂ ಬ್ಯಾಡ."

"ಈ ಹೊಸ್ತಿಲನ್ನ ಇನ್ನು ತುಳೀಬೇಡ ನೀನು."

ಪಾಷಾ ಬರಿ ಮಂಚದ ಮೇಲೆ ಕೂತುಬಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ಅವರು ಮುಖ ಒರೆಸಿಕೊಂಡು ಮೆತ್ತಗೆ ಮಾತಾಡತೊಡಗಿದರು.

"ಮಳೆ ಮುಗಿದ ಮೇಲೆ ಏನೋ ಕೇಳ್ತೀನಿ ಅಂದಿದ್ದೆ. ಏನು ಅಂತ ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಜಾನ್ ಹೇಳಿದ್ಲು. ಹುಡುಗ ನಮ್ಮ ನಫೀಸಾನ ಕೇಳ್ತಾನೆ, ಕೈಕೆಲಸ ಗೊತ್ತಿರೋನು, ಕೊಡೋಣ ಅಂದ್ಲು. ನಾನೂ ಹ್ಞೂಂ ಅಂದಿದ್ದೆ ಕಣೋ. ಹುಣಸೂರಿನವರಿಗೆ ಬರಬೇಡಿ ಅಂತ ಹೇಳಿಕಳಿಸ್ಬೇಕು ಅಂತಿದ್ದೆ. ನೀನು ಕೇಳ್ಬೇಕು ಅಂತಿದ್ದಿದ್ದು ಅದನ್ನೇ ಅಲ್ವೇನೋ?"

ಪರದೆಯ ಅಡಿಯ ಕಾಲ್ಬೆರಳು ಅಲುಗಲಿಲ್ಲ.

ಹೌದು ಅನ್ನುವುದು ಒಂದು ಮಾತು. ಅಂದರೆ, ಉಪ್ಪು ಏನನ್ನು ಕರಗಿಸಿತು ಎಂದು ಅವಳಿಗೆ ಈ ಕ್ಷಣವೇ ತಿಳಿಯುತ್ತದೆ. ಅವಳು ಈಗಲೇ ಹೊರಗೆ ಬಂದು ಅಪ್ಪನ ಕಾಲಿಗೆ ಬೀಳುತ್ತಾಳೆ. ಹೆತ್ತ ತಾಯಿಗೆ ಹೀಗೆ ಮಾಡಿದ ಮಗಳು ಎಂದು ಈ ಮನೆಯಲ್ಲಿ, ಈ ಊರಿನಲ್ಲಿ ಬಾಳಬೇಕಾಗುತ್ತದೆ. ಅವನಿಗೇ ಆಸೆ ಇರಲಿಲ್ಲ ಎಂದಾದರೆ, ಉಪ್ಪು ಕಸಿದುಕೊಂಡದ್ದು ಏನೂ ಇಲ್ಲ. ಅವಳು ನಾಕು ದಿನ ಅವನನ್ನು ಬೈದುಕೊಂಡು ಮರೆತಾಳು.

"ಇಲ್ಲ ಸಾಹೇಬ್ರೇ," ಎಂದ. ಪರದೆಗೂ ಚೆನ್ನಾಗಿ ಕೇಳಲಿ ಎಂದು ದನಿ ಎತ್ತಿಯೇ ಹೇಳಿದ. "ಅಂಥಾ ಯೋಚ್ನೆ ನನಗೆ ಯಾವತ್ತೂ ಇರ್ಲಿಲ್ಲ."

"ಮತ್ತೆ? ಏನು ಕೇಳೋನಿದ್ದೆ?"

"ಹುಣಸೂರಲ್ಲಿ ನಿಮಗೆ ಗೊತ್ತಿರೋ ದೊಡ್ಡೋರ ಮನೆಗಳಿವೆಯಲ್ಲ, ಅಲ್ಲಿ ಗಾರೆ ಕೆಲಸ ಕೊಡ್ಸಿ ಅಂತ ಕೇಳೋಣ ಅಂತಿದ್ದೆ. ಅಷ್ಟೇಯ."

ಪಾಷಾ ಮಂಚದಿಂದ ಎದ್ದರು. "ಜಾನ್ ಸುಮ್ನೆ ಏನೇನೋ ಅಂದ್ಕೊಂಡ್ಲು ಹಾಗಾದ್ರೆ," ಎಂದರು.

"ಹೂಂ ಸಾಹೇಬ್ರೇ."

ಪರದೆಯ ಆಚೆಯಿಂದ ದನಿ ಬಂತು. ಅದರಲ್ಲಿ ಅಳು ಇರಲಿಲ್ಲ, ನಡುಕ ಇರಲಿಲ್ಲ. ಬೇಸಿಗೆಯುದ್ದಕ್ಕೂ ಅವನನ್ನು ರೇಗಿಸಿದ ದನಿ ಅದೇ ಎಂದು ಹೇಳುವಂತೆಯೇ ಇರಲಿಲ್ಲ.

"ಅಬ್ಬಾ, ಹುಣಸೂರಿನವರನ್ನ ಬರೋಕೆ ಹೇಳಿ. ನಾನು ಒಪ್ಕೊಂಡಿದ್ದೀನಿ."

ಕಾಲ್ಬೆರಳು ಪರದೆಯ ಅಡಿಯಿಂದ ಸರಿದುಹೋಯಿತು. ಹಜಾರದಲ್ಲಿ ಅವಳು ತಾಯಿಯ ಬೆನ್ನು ನೀವುತ್ತ, ಮೆಲ್ಲಗೆ ಅಮ್ಮಿ, ಅಮ್ಮಿ ಎನ್ನುವುದು ಕೇಳಿತು.

ಗೌಸ್ ಸಲಾಂ ಹೇಳಿ ಹೊರಗೆ ಬಂದ. ಜಡಿಮಳೆ ಹಾಗೆಯೇ ಹುಯ್ಯುತ್ತಿತ್ತು. ಗಾಡಿ ಹತ್ತು ಎಂದು ಕೆಂಪಯ್ಯ ಕರೆದ. ಬೇಡವೆಂದು ಕೈಯಾಡಿಸಿ ನಡೆದ. ಅವಳು ನಂಬಬೇಕೆಂದೇ ಅಷ್ಟು ಜೋರಾಗಿ ಹೇಳಿದ್ದ, ಅವಳು ನಂಬಿದಳು. ಅವನು ಹಾರನಹಳ್ಳಿ ಮುಟ್ಟುವವರೆಗೂ ಅಳುತ್ತಲೇ ಹೋದ.